ಎಡಗೈಯ ಮಳೆ

ಹತ್ತೊಂಬತ್ತು ವರ್ಷ
ಅರಬ್ಬೀ ಸಮುದ್ರದೊಳಗೆ ನಿಂತಿದ್ದಳು ಚೆನ್ನಾಜಮ್ಮ,
ಸೀರೆಯಂಚು ಒದ್ದೆಯಾಗದ ಹಾಗೆ.
ಮಂಡ್ಯದ ನೂರಡಿ ರಸ್ತೆ, ಟೈರಂಗಡಿಯ ಮೇಲಿನ ಮಹಡಿ,
ಗೋಡೆಗೆ ಮೊಳೆ ಹೊಡೆದು ಬಿಗಿದ
ಪೇಟೆಬೀದಿಯ ಆರು ಗಜ ಹಸಿರು ಬಟ್ಟೆ.
ಅವಳಿಗೆ ಕಾಣುತ್ತಿದ್ದದ್ದು ಅಷ್ಟೇ.
ಮೋಡ, ಗಡಿ, ಊರು ಎಲ್ಲ
ನನ್ನ ಕ್ಯಾಮೆರಾ ದಾಟಿದ ಮೇಲೆ ಹುಟ್ಟುವಂಥವು.

ತೆರೆಗೆ ಬೇರೆ ಹೆಸರಿಟ್ಟುಕೋ ಎಂದಿದ್ದ ಮಾಲೀಕ,
ಇದು ಅಜ್ಜಿಯರ ಹೆಸರು ಎಂದು.
"ಮಳೆ ಹೆಸರೂ ಬದಲಾಯಿಸ್ತೀರಾ ಸಾರ್?
ಉತ್ತರೆ, ಹಸ್ತ, ಅವೂ ಹಳೇವೇ."
ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ನೆಲವೆಲ್ಲ ಅವಳ ಎಡಕ್ಕೆ. ಹಾಗಾಗಿ
ತೋರಿಸುವುದೂ ಎಡಗೈಲೇ.
ಸೋದರತ್ತೆ ರೇಗಿದಳಂತೆ:
"ಎಡಗೈಲಿ ಕರುದ್ರೆ ಯಾವ್ ಮಳೆ ಬಂದಾತು?"
ಭಾಗಮಂಡಲ ಸೊಂಟದೆತ್ತರ,
ಬೀದರ್ ನೆತ್ತಿಗಿಂತ ಒಂದು ಗೇಣು ಮೇಲೆ.
ಒಮ್ಮೆ ತಮಾಷೆಗೆ, ಹೇಳದೆ ಕೇಳದೆ
ಅವಳೆದುರಿನ ಟೀವಿ ಆರಿಸಿಬಿಟ್ಟೆ.
ಬರೀ ಬಟ್ಟೆಯ ಮೇಲೆ ಬೆರಳು
ಮೂವತ್ತು ಜಿಲ್ಲೆ ನಡೆದು ಬಂತು,
ಒಂದೂ ತಪ್ಪಲಿಲ್ಲ. ನಾನೇ ಬೆವೆತೆ.

ಮದುವೆಯಾಗಿ ಮೂರನೇ ದಿನಕ್ಕೆ ಬಂದಳು,
ಕೈತುಂಬ ಹಸಿರು ಗಾಜಿನ ಬಳೆ.
ತೆರೆಯಲ್ಲಿ ಮುಂಗೈ ಮಾಯ!
ಬೆರಳಷ್ಟೇ ತೇಲುತ್ತಿವೆ ಹಾಸನದ ಮೇಲೆ,
ಬಳೆಯಿದ್ದ ಜಾಗದಲ್ಲಿ ಮೋಡ ಸುಳಿಯುತ್ತಿದೆ.
ತೆಗೆಯಮ್ಮ ಎನ್ನಲು ಬಾಯಿ ಬರಲಿಲ್ಲ ನನಗೆ.
ಅವಳೇ ನೋಡಿ, ಕರವಸ್ತ್ರ ಸುತ್ತಿಕೊಂಡು
ಗಾಯವಾದವಳ ಹಾಗೆ ವರದಿ ಓದಿದಳು.

ಏಳು ತುಂಬಿದಾಗ ಹೊಟ್ಟೆ ಕೊಡಗನ್ನು ಮುಚ್ಚಿತು.
ಫೋನಿನ ಮೇಲೆ ಫೋನು:
"ಕೊಡಗೆಲ್ಲೋಯ್ತು ಸ್ವಾಮಿ?
ಕಟ್ಟೆಗೆ ನೀರು ಬರೋದೇ ಅಲ್ಲಿಂದ!"
ನಕ್ಕು ಒಂದು ಹೆಜ್ಜೆ ಹಿಂದೆ ಸರಿದಳು,
ಸಮುದ್ರದ ಇನ್ನಷ್ಟು ಆಳಕ್ಕೆ.

"ನಾಳೆ ಒಣಹವೆ" ಎಂದದ್ದು ಒಂದು ಮಾಘದಲ್ಲಿ.
ರಾತ್ರಿ ಎರಡಕ್ಕೆ ಸುರಿಯಿತು.
ಬೆಳಿಗ್ಗೆ ಆಲೆಮನೆಯವನೊಬ್ಬ ಮಹಡಿ ಹತ್ತಿ ಬಂದ.
ಹರವಿದ್ದ ಕಬ್ಬಿನ ರಚ್ಚೆಲ್ಲ ನೆನೆದು
ಒಲೆ ಹತ್ತಿರಲಿಲ್ಲ. ಬೈಯಲಿಲ್ಲ ಪುಣ್ಯಾತ್ಮ.
ಒಂದು ಬಕೆಟ್ ಬೆಲ್ಲ ಮೇಜಿನ ಮೇಲಿಟ್ಟು
"ನಿನ್ನೇ ಪಾಕದ್ದು, ತಿನ್ನಿ" ಎಂದು ಇಳಿದು ಹೋದ.
ತಿಂಗಳಿಡೀ ಕಾಫಿಗೆ ಕೆತ್ತಿಕೊಂಡೆವು ನಾವು.
ಅವಳು ಮುಟ್ಟಲಿಲ್ಲ.
ಅಂದಿನಿಂದ ಒಂದು ನೋಟ್‌ಬುಕ್ಕು:
ಭಾಗಮಂಡಲದ ಟಪಾಲಿನ ಅಣ್ಣ, ವಿರಾಜಪೇಟೆ ಬಸ್ಸಿನ ಕಂಡಕ್ಟರು,
ಹಾರಂಗಿ ಹತ್ತಿರದ ಮೀನಿನ ಬೀಬಮ್ಮ.
ಇಲಾಖೆಯ ಕಾಗದ ಏನೇ ಹೇಳಲಿ,
ದಿನಾ ಐದಕ್ಕೆ ಅವರಿಗೆ ಅದೇ ಪ್ರಶ್ನೆ:
"ಕೊಡೆ ಬಿಚ್ಚಿದ್ರಾ?"

ಎಲ್ಲರ ಜೇಬಿಗೂ ಮೋಡ ಬಂತು. ಕೇಬಲ್ಲು ಮುಚ್ಚಿತು.
ಸಾಮಾನು ಹಂಚಿಕೊಳ್ಳುವಾಗ
ಕುರ್ಚಿ ಬೇಡ, ಫ್ಯಾನು ಬೇಡ ಎಂದು
ಆ ಬಟ್ಟೆ ಕೇಳಿದಳು.

ಮೊನ್ನೆ ಕಲ್ಲಹಳ್ಳಿಗೆ ಹೋಗಿದ್ದೆ, ಅವಳ ತಾರಸಿಗೆ.
ಹಸಿರಿನ ಮೇಲೆ ಸಾಲುಸಾಲು ಅಕ್ಕಿ ಸಂಡಿಗೆ.
ಮಳೆ ಬತ್ತದಾ ಚೆನ್ನಾಜಮ್ಮ, ಎಂದೆ.
ಫೋನು ತೆಗೆಯಲಿಲ್ಲ, ಆಕಾಶವನ್ನೂ ನೋಡಲಿಲ್ಲ.
ಕೆಳಗಿನ ಮೂಲೆಯ ಹತ್ತಿರ ಮಂಡಿಯೂರಿ
ಎಡಗೈಲಿ ನಾಲ್ಕು ಸಂಡಿಗೆ ಅತ್ತ ಸರಿಸಿ
ಬಟ್ಟೆ ಮುಟ್ಟಿ ನೋಡಿದಳು.
"ಇಲ್ಲಿನ್ನೂ ಹಸೀನೇ ಅದೆ."