ಒಂಬತ್ತು ಗ್ಲಾಸು

ನಸುಕಿನ ಐದಕ್ಕ ಸ್ಟೋವಿಗೆ ಗಾಳಿ ಹೊಡೀತೀನಿ.
ಮೊದಲನೇ ಚಾ ಯಾರಿಗೂ ಕೊಡೂದಿಲ್ಲ,
ನೆಲಕ್ಕ ಸುರೀತೀನಿ. ಅಬ್ಬಾನ ಪದ್ಧತಿ.
ಮಣ್ಣು ಬಿಸಿದು ಕುಡಿದು
ಸಣ್ಣಗ ಹೊಗಿ ಬಿಡ್ತದ.
ಆಮ್ಯಾಲೆ ಗಿರಾಕಿ.

ಶಹಾಪೂರ ಅಗಸಿ ದಾಟಿದ್ರ ನಮ್ಮ ಗಾಡಿ,
ಗಾಡಿ ಹಿಂದ ಒಂದು ಬಾವಡಿ,
ಹೆಸರು ಕಳಕೊಂಡದ್ದು.
ಮೆಟ್ಟಿಲ ಮ್ಯಾಲೆ ಆಡು ಮಲಗ್ತಾವ.

ಅಬ್ಬಾನ ಕಾಲಕ್ಕ ಹನ್ನೆರಡು ಗ್ಲಾಸು,
ತಳ ದಪ್ಪ, ಮೈತುಂಬ ಗೆರಿ,
ಎರಡು ಬಕೀಟು: ಒಂದು ಅದ್ದಾಕ, ಒಂದು ಜಾಲಸಾಕ.
ಎಂಟರ ಹೊತ್ತಿಗೆ ಎರಡರ ನೀರಿಗೂ ಒಂದೇ ಬಣ್ಣ.
ತೊಳಿಯಾಕಿ ನಾನು.
ಮುಷ್ಟಿ ಪೂರಾ ಗ್ಲಾಸಿನ ಒಳಗ ಹೋಗ್ತಿತ್ತು,
ಅಷ್ಟು ಸಣ್ಣಾಕಿ.

ನಳ ಎಂಟು ದಿನಕ್ಕೊಮ್ಮೆ. ಒಮ್ಮೊಮ್ಮೆ ಹನ್ನೊಂದು.
ಆ ನೀರಿನಾಗ ಯಾರ ತುಟಿ, ಯಾರ ತಂಬಾಕು,
ಯಾರ ಕೆಮ್ಮು.
ಅದಕ್ಕ ಕಾಗದದ ಕಪ್ಪು ಬಂದಾಗ
ಖರೇ ಹೇಳ್ತೀನಿ, ನನ್ನ ಕೈ ಖುಷಿ ಆದವು.
ಉಗುರಿನ ಸಂದಿಯ ಹುಣ್ಣು ಮಾದವು.
‘ಕಾಗದ ಅಲ್ಲೇನು ಮಾಲನಬಿ,
ಮಣ್ಣಾಗ ಮಣ್ಣಾಗ್ತದ’
ಅಂದ ಕಪ್ಪು ಮಾರಾಂವ.

ಒಂದು ಕಪ್ಪು ಬಕೀಟಿನ್ಯಾಗ ಮುಳುಗಿಸಿ ಇಟ್ಟೆ, ಸುಮ್ಮ.
ಆರನೇ ದಿನ ಕಾಗದ ಕರಗಿ ಗಂಜಿ.
ಉಳಿದದ್ದೊಂದು ತೆಳ್ಳನ ಚರ್ಮ,
ಕಪ್ಪಿನ ಆಕಾರದಾಗ ನಿಂತದ್ದು,
ಹಾವು ಬಿಟ್ಟ ಪರಿ ಹಂಗ.
ಹಾವು ಎಲ್ಲಿ ಹೋತು?

ಬಾವಡಿಯೊಳಗ ಹಣಿಕಿದೆ.
ದೂರಿಂದ ಬೆಳ್ಳಕ್ಕಿ ಕುಂತಂಗ ಇತ್ತು.
ಬೆಳ್ಳಕ್ಕಿ ಅಲ್ಲ.
ನಡುವ ಒಂದು ಆಮಿ ತಲಿ ಎತ್ತಿ
ಕಪ್ಪಿನ ಅಂಚು ಕಚ್ಚಿ ನೋಡಿ ಬಿಡ್ತು,
ಸಕ್ರಿ ಕಮ್ಮಿ ಆತೇನೋ.

ಗುರುಪಾದ ಮಾಸ್ತರಂದು ಬ್ಯಾರೇ ಲೆಕ್ಕ.
‘ಒಂದು ಚಾದ ಹಿಂದ ಎಷ್ಟು ಕೊಡ ನೀರು, ಹೇಳು?
ಹೊಳಿ ಹೀರೋ ಕಬ್ಬು,
ಮೇವು ತಿಂದು ತೇಗೋ ಎಮ್ಮಿ,
ಯಾವ ಗುಡ್ಡದ ಅಡವಿ ಬೋಳಿಸಿ
ಹಚ್ಚಿದ ಎಲಿ, ಅದರ ಲಾರಿ, ಲಾರಿ ಹೊಗಿ…’
ಬೆರಳು ಮುಗೀತಾವ, ಮಾತು ಮುಗಿಯೂದಿಲ್ಲ.
ಆಮ್ಯಾಲೆ ಅಂತಾರ:
‘ಇನ್ನೊಂದು ಅರ್ಧಾ ಕೊಡವಾ, ಹಾಲು ಗಟ್ಟಿ ಇರಲಿ.’
ಹೊಸಾ ಕಪ್ಪಿನಾಗ.

ಟ್ರಂಕ್ ತೆಗದೆ. ಹನ್ನೆರಡರಾಗ ಒಂಬತ್ತು ಉಳದಿದ್ವು.
ಒಂಬತ್ತಕ್ಕ ಒಂದು ಬಕೀಟು ನೀರು.
ಆ ಬಕೀಟು ಯಾರದು? ಮಗಳ ಜಳಕದ್ದು.
ಆಕಿ ಹಸೀ ವಸ್ತ್ರದಿಂದ ಮೈ ಒರಸ್ಕೊಂಡು
ಸಾಲಿಗಿ ಹೋದಳು, ಮಾತಾಡಲಿಲ್ಲ.
ಗಿರಾಕಿ ಗ್ಲಾಸು ಬೆಳಕಿಗಿ ಹಿಡಿದು ಕೇಳಿದ್ರು:
ತೊಳದದ್ದೇನು?

ಹಮಾಲ ಭೀಮಶಿ ಮಾತ್ರ
ಪಟಕಾದ ಗಂಟಿನಿಂದ ಒಂದು ಸ್ಟೀಲ್ ಬಸಿ ತೆಗದ.
ತಂದದ್ದು ಅವನೇ, ಒರಸೂದೂ ಅವನೇ.
ಶಾಣ್ಯಾ ಇದ್ದೀ ನೋಡು, ಅಂದೆ.
ಚಾ ಊದಿ ಊದಿ ಅಂವ ಹೇಳಿದ:

‘ನಮ್ಮೂರ ಹೋಟೆಲಿನ ಹಿಂದ, ಗೂಡಿನ್ಯಾಗ,
ನಮ್ಮಪ್ಪಗ ಬ್ಯಾರೇ ಕಪ್ಪು ಇರ್ತಿತ್ತು, ಕಿವಿ ಮುರದದ್ದು.
ಕುಡಿದು ತಾನೇ ತೊಳದು ಇಡಬೇಕು.
ಕಾಗದದ್ದು ಬಂದ ದಿನ ಅಪ್ಪ
ಎಲ್ಲಾರ ನಡುವ ನಿಂತು ಕುಡದ,
ಎಲ್ಲಾರೂ ಎಸೆದ ಕಡೆ ತಾನೂ ಎಸೆದ.
ಆ ಎಸೆಯೋ ಸುಖ ನಿಮಗ ಗೊತ್ತಾಗೂದಿಲ್ಲ ಬೂಬೂ.’

ಬಸಿ ಒರಸಿ ಗಂಟಿಗಿ ಹಾಕ್ಕೊಂಡ.
ಯಾಕ ತಂದಿ ಮತ್ತ, ಕೇಳಬೇಕಂದೆ.
ಅವನ ಬೆನ್ನ ಮ್ಯಾಲೆ ಆಗಲೇ ಚೀಲ ಏರಿತ್ತು.

ಮಧ್ಯಾಹ್ನ ಬಾವಡಿಗಿ ಇಳದೆ,
ಬಿದರಿನ ಕೋಲು, ತುದಿಗಿ ಕೊಕ್ಕಿ.
ಆಡು ಎದ್ದು ದಾರಿ ಬಿಟ್ಟವು.
ಒಂದೊಂದ ಎಳದು ಮೆಟ್ಟಿಲ ಮ್ಯಾಲೆ ಇಟ್ಟೆ.
ಇದು ಮಾಸ್ತರದ್ದು ಇರಬೇಕು, ಅಂಚು ಕಡದದ್ದು.
ಇದು ಲಿಪ್‌ಸ್ಟಿಕ್ಕಿಂದು.
ಇದು ಭೀಮಶಿಯ ಅಪ್ಪಂದು ಆಗಬಹುದೇನು?
ಆಗಲಾರದು, ಅದು ಬ್ಯಾರೇ ಊರು.
ಆದರೂ ಅದನ್ನ ಎರಡು ಗಳಿಗಿ ಕೈಯಾಗ ಹಿಡದೆ.

ಇನ್ನೂರಾ ಎಂಟು, ಇನ್ನೂರಾ ಒಂಬತ್ತು
ಮ್ಯಾಲಿಂದ ಮಗಳು ಕೂಗಿದಳು:
ಅಮ್ಮಾ, ಹಾಲು!
ಲೆಕ್ಕ ಬಿಟ್ಟು ಓಡಿದೆ.