ಹಿಂದಕ್ಕೆ ಎರಡು ಹೆಜ್ಜೆ

ಔಷಧಿ ಅಂಗಡಿಯ ಹುಡುಗ ಕೇಳಿದ:
ಕೂಸಿಗೆ ಎಷ್ಟು ತಿಂಗಳ್ರೀ ಅಕ್ಕಾರ?
ಹದಿನೆಂಟು ವರ್ಷ, ಅಂದೆ.
ಎಲ್ಲಕ್ಕಿಂತ ದೊಡ್ಡ ಡೈಪರ್ ಕೊಡು,
ದಿನಕ್ಕ ಎರಡು, ಮುಂಗಾಲಿಗೆ ಅಷ್ಟ.
ನಗಬೇಕೋ ಬಿಡಬೇಕೋ ತಿಳಿಯದೆ
ಚಿಲ್ಲರೆಯನ್ನು ಎರಡೆರಡು ಸಲ ಎಣಿಸಿದ.

ಗೊರಸಿನೊಳಗೆ ಕೀವು.
ಮೌಲಾಲಿ ತಾತ, ಸಿಯಾತಲಾಬಿನಲ್ಲಿ ಉಳಿದಿರುವ ನಾಲಬಂದ,
ಈಗ ಗೇಟು ಕಿಟಕಿ ವೆಲ್ಡಿಂಗ್ ಮಾಡಿ ಉಣ್ಣುವವ,
ಹಳೆಯ ಪೆಟ್ಟಿಗೆಯಿಂದ ಬಾಗಿದ ಚಾಕು ತೆಗೆದು
ಅಂಗಾಲನ್ನು ಸಿಪ್ಪೆ ಸಿಪ್ಪೆಯಾಗಿ ಕೆರೆದ.
ಮಸಿಯಂಥ ನೀರು ಚಿಮ್ಮಿ ಬಿಳಿ ಗಡ್ಡಕ್ಕೆ ಬಿತ್ತು.
ಒರೆಸಿಕೊಳ್ಳಲಿಲ್ಲ. ಬಂತು, ಬಂತು, ಅಂದ
ಬೋರಿನಲ್ಲಿ ನೀರು ಕಂಡವರ ಹಾಗೆ.

ಕುದುರೆ ಉದ್ದಕ್ಕೊಂದು ಉಸಿರು ಬಿಟ್ಟಿತು.
ಬಂದ ಹನ್ನೊಂದು ದಿನದಲ್ಲಿ
ನಾವು ಕೇಳಿದ ಮೊದಲ ಸದ್ದು.

ಗಂಜಿನ ಎರಡನೆಯ ಗೇಟಿನ ಹತ್ತಿರ
ಹತ್ತಿಕಾಳಿನ ಹಿಂಡಿ ಹೇರಿದ್ದ ಬಂಡಿಯೊಂದಿಗೆ ಕುಸಿದಿತ್ತು.
ಮೇ ತಿಂಗಳು, ಡಾಂಬರು ಚಪ್ಪಲಿಗೆ ಅಂಟುವ ಹೊತ್ತು.
ಯಾರೋ ನೀರು ಸುರಿದರು, ಯಾರೋ ವಿಡಿಯೊ ಮಾಡಿದರು,
ಹಿಂದಿನ ಲಾರಿಯವನು ಹಾರ್ನ್ ಒತ್ತುತ್ತಲೇ ಇದ್ದ.
ನಾಲಗೆಯಲ್ಲಿ ತಂತಿ ಕೊರೆದ ಗೀರು,
ಹೆಗಲ ಗಾಯದಲ್ಲಿ ಹುಳ,
ಎಡಗಣ್ಣಿಗೆ ಹಾಲಿನ ಕೆನೆಯಂಥ ಪೊರೆ.
ದನದ ದವಾಖಾನೆಯಲ್ಲಿ ಪಟ್ಟಿ ಕಟ್ಟುವ ಕೆಲಸ ನನ್ನದು,
ಇಪ್ಪತ್ತೆರಡು ವರ್ಷ ಎಮ್ಮೆ, ಆಡು, ಕಚ್ಚಿಸಿಕೊಂಡ ನಾಯಿ.
ಕುದುರೆಯ ಮೈ ಇಷ್ಟು ಬಿಸಿ ಎಂದು ಗೊತ್ತಿರಲಿಲ್ಲ.

ಡಾಕ್ಟರಮ್ಮ ಸೂಜಿ ತುಂಬಿಯೇ ಇಟ್ಟಿದ್ದರು ಆ ರಾತ್ರಿ.
ಬೆಳಗಿನತನಕ ನೋಡೂಣು ರತ್ನವ್ವ, ಅಂದರು,
ನೋಡುತ್ತ ಕೂತವಳು ನಾನು.
ನಾಲ್ಕು ಗೋಣಿಚೀಲ ಸೇರಿಸಿ ಹೊಲಿದು ಹೊಟ್ಟೆಯಡಿ ತೂರಿಸಿ
ಬೇವಿನ ಕೊಂಬೆಗೆ ಚೈನು ಹಾಕಿ
ಲಾರಿ ಗ್ಯಾರೇಜಿನ ಹುಡುಗರು ಎಳೆದಾಗ
ಮೊದಲು ಎದ್ದದ್ದು ಕಿವಿ.
ಸೂಜಿ ಫ್ರಿಜ್ಜಿನಲ್ಲಿಯೇ ಉಳಿಯಿತು,
ಮೊಸರಿನ ಡಬ್ಬಿಯ ಪಕ್ಕ.

ಆಮೇಲೆ ದಿನಗಳು ಬಕೀಟಿನಲ್ಲಿ ಹೋದವು:
ಉಪ್ಪುನೀರು ಬಕೀಟು, ನೇರಳೆ ನೀರಿನ ಬಕೀಟು,
ನೆನೆಸಿದ ಹುರುಳಿ, ಅದನ್ನೂ ಅರ್ಧ ಉಗುಳಿದಾಗ
ಹಲ್ಲು ಉಜ್ಜಲು ಅರ.
ಡೈಪರಿನ ಮೇಲೆ ಸೈಕಲ್ ಟ್ಯೂಬ್ ಸುತ್ತುವುದನ್ನು
ಮನೆಗೆ ಹೋಗಿ ಕಣ್ಣು ಮುಚ್ಚಿದರೂ ಕೈ ಮಾಡುತ್ತಿತ್ತು.

ಒಂದು ಮಾತ್ರ ವಾಸಿಯಾಗಲಿಲ್ಲ.
ಬೆಳಗ್ಗೆ ಎಂಟಕ್ಕೆ ಜಿನ್ನಿಂಗ್ ಮಿಲ್ಲಿನ ಸೈರನ್ ಕೂಗಿದರೆ
ಎಲ್ಲಿದ್ದರೂ, ಬಾಯಲ್ಲಿ ಹುಲ್ಲಿದ್ದರೂ,
ಹಿಂದಕ್ಕೆ ಎರಡು ಹೆಜ್ಜೆ ಸರಿಯುತ್ತದೆ.
ತಲೆ ತಗ್ಗಿಸಿ ನಿಲ್ಲುತ್ತದೆ,
ಮೂಕಿಯ ಅಳತೆಗೆ ಸರಿಯಾಗಿ.

ಔಷಧಿ ಹುಡುಗ: ಈಗ ನಡೀತೈತೇನ್ರಿ ಕೂಸು?
ನಡೀತೈತಪಾ. ಹಿಂದಕ್ಕ.

ದ್ಯಾವಣ್ಣ ಬಂದ, ಎರಡು ತಿಂಗಳಾದ ಮೇಲೆ.
ಬೈಯಬೇಕೆಂದು ಮಾತು ಜೋಡಿಸಿಟ್ಟುಕೊಂಡಿದ್ದೆ.
ಪಂಚೆಯ ತುದಿಯಲ್ಲಿ ಬೆಲ್ಲ, ಅದಕ್ಕೆ ಇರುವೆ.
ಈಗ ಹಮಾಲಿ ಮಾಡ್ತೀನ್ರೀ, ಅಂದ, ಕೇಳದಿದ್ದರೂ.
ಕುದುರೆಗೆ ವಾಸನೆ ಸಿಕ್ಕಿತು.
ಸೈರನ್ನಿಲ್ಲ, ಮಧ್ಯಾಹ್ನ ಮೂರರ ಬಿಸಿಲು.
ಒಂದು ಹೆಜ್ಜೆ. ಇನ್ನೊಂದು.
ಅವನ ಕೈ ತನ್ನಷ್ಟಕ್ಕೆ ಮುಂದೆ ಹೋಗಿ
ಹೊಟ್ಟೆಯ ಪಟ್ಟಿಯನ್ನು ಗಾಳಿಯಲ್ಲಿ ಹುಡುಕಿತು,
ಬಕ್ಕಲನ್ನು ಬೆರಳು ಎರಡು ಸಲ ಹಾಕಿತು.
ಇಬ್ಬರ ನಡುವೆ ಇಲ್ಲದ ಬಂಡಿ,
ಅದರ ಮೇಲೆ ನನಗೆ ಕಾಣದ ಭಾರ.

ಬೈಯಲಿಲ್ಲ. ಕ್ಷಮಿಸಿದೆ ಎಂದೂ ಅಲ್ಲ.
ಬಕೀಟು ಅವನ ಕೈಗೆ ಕೊಟ್ಟು
ಎಡಗಾಲು ಮೊದಲು, ಅಂದೆ.
ಕುಕ್ಕರಗಾಲಲ್ಲಿ ಕೂತು
ಗೊರಸನ್ನು ತೊಡೆಯ ಮೇಲೆ ಇಟ್ಟುಕೊಂಡ.
ಇಷ್ಟು ಹಗುರೇನ್ರೀ ಇದು, ಅಂದ.

ನಾಳೆಗೆ ಡೈಪರ್ ಎರಡೇ ಉಳಿದಿವೆ.