ಐದನೆಯ ಅಂಕ

ಹಾಸನದ ಕಾಲೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ
ನನ್ನ ಪೀರಿಯಡ್ಡು ಊಟವಾದ ಮೇಲೆಯೇ.
ನಾಲ್ಕು ಅಂಕ ಹೇಗೋ ತೂಕಡಿಸುತ್ತ ಸಾಗುತ್ತಿತ್ತು;
ಐದರಲ್ಲಿ ಕತ್ತಿ ಹಿರಿಯುವ ಹೊತ್ತಿಗೆ
ಅರಸೀಕೆರೆ ಪ್ಯಾಸೆಂಜರ್ ಕೂಗುವುದು.
"ಮೇಡಂ, ರೈಲು."
ಅರ್ಧ ಬೆಂಚು ಖಾಲಿ.
ಡ್ಯೂಕನಿಗೆ ವಿಷ ಹಾಕಿದ್ದು ಯಾರೆಂದು
ಯಾವ ಬ್ಯಾಚೂ ಕೇಳಿಸಿಕೊಳ್ಳಲಿಲ್ಲ.
ಪರೀಕ್ಷೆಗೆ ಗೈಡು ಇತ್ತಲ್ಲ.

ನನ್ನ ಏಳು ವರ್ಷ ತಿಂದದ್ದು ಒಂದೇ ಪ್ರಶ್ನೆ:
ಆ ಕಾಲದ ರಂಗಕ್ಕೆ ಮುಂಪರದೆ ಇರಲಿಲ್ಲ,
ಹಾಗಾದರೆ ಸತ್ತವರನ್ನು ಎತ್ತಿದವರು ಯಾರು?
ಮೈಸೂರಿನ ವೈವಾದಲ್ಲಿ ಒಬ್ಬರು ನಕ್ಕರು,
"ಇದಕ್ಕೂ ಸ್ಕಾಲರ್‌ಶಿಪ್ಪೇನಮ್ಮಾ?"

ನಿವೃತ್ತಿಯ ಹಿಂದಿನ ದಿನ, ರೈಲು ಹೋದ ಮೇಲೆ,
ಒಬ್ಬಳೇ ಓದಿದೆ, ಗಟ್ಟಿಯಾಗಿ,
ಕಟ್ಟಕಡೆಯ ಸಾಲಿನ ತನಕ.
ತಲೆಯೆತ್ತಿದರೆ ಬಾಗಿಲಲ್ಲಿ
ಬೀಗದಕೈ ಗೊಂಚಲು ಹಿಡಿದು
ಅಟೆಂಡರ್ ಜವರಪ್ಪ, ಎಷ್ಟು ಹೊತ್ತಿನಿಂದಲೋ.

"ಎಲ್ಲಾರೂ ಹೋಗ್ಬುಟ್ರಾ ಮೇಡಮ್ನೋರೆ?"
"ಎಂಟು ಜನ."
"ಎತ್ತಾಕೋಕೆ ಯಾರವ್ರೆ?"

ಮುನ್ನೂರು ಪುಟ ಬರೆದಿದ್ದೇನೆ, ಹೇಳಬಹುದಿತ್ತು.
ಆತನಾಗಲೇ ಕಿಟಕಿ ಒಂದೊಂದೇ ಮುಚ್ಚುತ್ತ ಬಂದು
ಬೆಂಚಿನಡಿ ಯಾರೋ ಬಿಟ್ಟುಹೋದ
ಟಿಫಿನ್ ಡಬ್ಬಿ ಎತ್ತಿಕೊಂಡ.